ಧೂಮಾನುಮಾನ

ಬೆಟ್ಟದ ಮೇಲೆ ಹೊಗೆಯೇಳುತ್ತಿರುವುದನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುವುದು ನಮ್ಮ ತರ್ಕಶಾಸ್ತ್ರದ ಮೊದಲನೆಯ ಪಾಠ. ಆದರೆ ಬೆಂಕಿಯಿರುವುದು ಎಲ್ಲರಿಗೂ ಮೊದಲೇ ತಿಳಿದಿದ್ದು, ಅದು ತಾನು ಸುಡಬಾರದ ಪದಾರ್ಥವನ್ನು ಯಾವ ದಾರಿಯಿಂದ ತರಿಸಿಕೊಂಡು ಸುಡುತ್ತಿದೆಯೆಂಬುದಷ್ಟೇ ನಿರ್ಣಯವಾಗಬೇಕಾದ ಸಂದರ್ಭದಲ್ಲಿ ನೈಯಾಯಿಕನ ಬೆಟ್ಟ ನಮಗೆ ಹೆಚ್ಚಿನ ಸಹಾಯ ಮಾಡದು. ಹಾಸನದಿಂದ ಸಕಲೇಶಪುರದ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಒಂದು ಲಾರಿ ಗ್ಯಾರೇಜಿನಲ್ಲಿ ನಡೆದ ಈ ಚರ್ಚೆಯಲ್ಲಿ ಮಾತನಾಡುವವರು ಇಬ್ಬರು: ಡೀಸೆಲ್ ಎಂಜಿನ್ನುಗಳ ನಡುವೆಯೇ ತಲೆ ನರೆತ ಮೇಸ್ತ್ರಿಯೊಬ್ಬರು, ಮತ್ತು ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಅವರ ಬಳಿಯೇ ಕೆಲಸಕ್ಕೆ ನಿಂತಿರುವ ಅವರ ಸೋದರಳಿಯ. ವಿವಾದದ ವಸ್ತು ಆರು ಸಿಲಿಂಡರಿನ, 5.9 ಲೀಟರಿನ, ಟರ್ಬೊ ಉಳ್ಳ ಒಂದು ಲಾರಿ ಎಂಜಿನ್ನು. ಹಳೆಯ ಟರ್ಬೊ ಕೆಟ್ಟು ಆಯಿಲನ್ನೆಲ್ಲ ಕುಡಿದ ಮೇಲೆ ಎಂಜಿನ್ನಿಗೆ ಬೋರಿಂಗ್ ಆಗಿ, ಹೊಸ ಪಿಸ್ಟನ್ನು, ರಿಂಗು, ಬೇರಿಂಗುಗಳು ಕುಳಿತು, ಹೆಡ್ಡಿನ ಕೆಲಸ ಮುಗಿದು, ಟರ್ಬೊವಿಗೂ ಹೊಸ ಕೋರು ಬಿದ್ದಿತ್ತು. ಇಷ್ಟಾದರೂ ಲಾರಿ ಟೋಲ್ ಗೇಟಿನ ಸಾಲಿನಲ್ಲಿ ಹತ್ತು ನಿಮಿಷ ನಿಂತು ಹೊರಟಿತೆಂದರೆ ಹಿಂದಿನ ವಾಹನವೇ ಮರೆಯಾಗುವಷ್ಟು ಹೊಗೆ. ಶಿರಾಡಿ ಘಟ್ಟವನ್ನು ಇಳಿದು ಬಯಲಿನಲ್ಲಿ ಮತ್ತೆ ಆಕ್ಸಿಲರೇಟರ್ ತುಳಿದರೆ ಇನ್ನೊಂದು ಸಲ ಹೊಗೆ. ಏರಿನಲ್ಲಿ ಮಾತ್ರ, ಆಶ್ಚರ್ಯವೆಂಬಂತೆ, ಬಹುಮಟ್ಟಿಗೆ ಶುಭ್ರ.

ಲಾರಿಯ ಒಡೆಯರನ್ನೂ ಬೋರಿಂಗ್ ಅಂಗಡಿಯವರನ್ನೂ ಕುರಿತು ನಡುನಡುವೆ ಬಂದ ಕೆಲವು ವಿಶೇಷಣಗಳನ್ನು ಮುದ್ರಣಯೋಗ್ಯವಲ್ಲವೆಂದು ಇಲ್ಲಿ ಬಿಟ್ಟಿದೆ.

ಅಳಿಯ: ಹೊಗೆ ನೀಲಿ, ಮಾವ, ಇದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಕಪ್ಪು ಹೊಗೆಯೆಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ; ಬಿಳಿಯೆಂದರೆ ಸುಡದೆ ಹೊರಬಿದ್ದ ಡೀಸೆಲ್ಲು, ಇಲ್ಲವೆ ಹೆಡ್ ಗ್ಯಾಸ್ಕೆಟ್ ಬಿಟ್ಟು ಒಳಕ್ಕೆ ಇಳಿದ ರೇಡಿಯೇಟರಿನ ನೀರು; ನೀಲಿಯೆಂದರೆ ಎಂಜಿನ್ ಆಯಿಲ್. ಇದು ಮೊದಲನೆಯ ವರ್ಷದ ಹುಡುಗರಿಗೂ ಬಾಯಿಪಾಠ.

ಮಾವ: ಬಾಯಿಪಾಠವೆನ್ನುವುದೇನೋ ನಿಜ. ನೀನು ಅದನ್ನು ನೋಡಿದ್ದು ಎಲ್ಲಿ? ನಮ್ಮ ಷೆಡ್ಡಿನ ಹಿಂದಿನ ಕರಿಯ ಗೋಡೆಗೆ ಸೈಲೆನ್ಸರ್ ತಿರುಗಿಸಿ ನಿಲ್ಲಿಸಿದಾಗ. ಅದೇ ಹೊಗೆಯನ್ನು ರಸ್ತೆಯಲ್ಲಿ, ಮಧ್ಯಾಹ್ನದ ಆಕಾಶ ಹಿಂದಿರುವಾಗ ನೋಡಿದ್ದರೆ ಕಂದುಬಣ್ಣವೆನ್ನುತ್ತಿದ್ದೆ. ಬೆಳಗಿನ ಚಳಿಯಲ್ಲಿ, ಸೈಲೆನ್ಸರಿನ್ನೂ ಬಿಸಿಯೇರದಿದ್ದಾಗ ನೋಡಿದ್ದರೆ ಬಿಳಿಯೆಂದು ಸಾಧಿಸುತ್ತಿದ್ದೆ.

ಅಳಿಯ: ಅದಕ್ಕೆ ಕಾರಣವೂ ಪುಸ್ತಕದಲ್ಲಿಯೇ ಇದೆಯಲ್ಲ. ಕಣಗಳು ಅತಿಸೂಕ್ಷ್ಮವಾಗಿದ್ದರೆ ನೀಲಿಯ ಬೆಳಕೇ ಹೆಚ್ಚಾಗಿ ಚದರುತ್ತದೆ. ಆದುದರಿಂದ ಕತ್ತಲ ಹಿನ್ನೆಲೆಯಲ್ಲಿ ನೀಲಿಯಾಗಿಯೂ ಬೆಳಕಿನ ಹಿನ್ನೆಲೆಯಲ್ಲಿ ಕಂದಾಗಿಯೂ ಕಾಣುವುದು. ಭೌತವಿಜ್ಞಾನಿ ಟಿಂಡಲನು ತೋರಿಸಿದ್ದು ಅದನ್ನೇ. ಆಯಿಲಿನ ಆವಿ ತಣ್ಣಗಾಗಿ ದೊಡ್ಡ ಹನಿಗಳಾದರೆ ಎಲ್ಲ ಬಣ್ಣವೂ ಸಮವಾಗಿ ಚದರಿ ಬಿಳಿಯಾಗುತ್ತದೆ.

ಮಾವ: ಹಾಗಾದರೆ ಬಣ್ಣವನ್ನು ನಂಬಬೇಡವೆಂದು ನಿನ್ನ ಪುಸ್ತಕವೇ ಹೇಳಿದಂತಾಯಿತು. ನಾನು ಮೂಗನ್ನು ನಂಬುತ್ತೇನೆ. ಸುಡದ ಡೀಸೆಲ್ಲಾದರೆ ಕಣ್ಣು ಉರಿದು ನೀರು ಬರುತ್ತದೆ. ಕೂಲೆಂಟಾದರೆ ಒಂದು ಬಗೆಯ ಸಿಹಿವಾಸನೆ. ಆಯಿಲಾದರೆ ಗಂಟಲಿಗೆ ಅಂಟಿಕೊಳ್ಳುವ ಕಮಟು. ಇಲ್ಲಿರುವುದು ಕಮಟೇ, ನಿನ್ನ ನಿರ್ಣಯಕ್ಕೆ ನನ್ನ ವಿರೋಧವಿಲ್ಲ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಆಯಿಲ್ ನಿಜವಾಗಿಯೂ ಎಷ್ಟು ಹೋಗುತ್ತಿದೆ? ಒಡೆಯರು ಸಾವಿರ ಕಿಲೋಮೀಟರಿಗೆ ಮೂರು ಲೀಟರೆಂದರು. ಅವರ ಡ್ರೈವರು ಲಾರಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿದ ಮರುಕ್ಷಣವೇ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡುವವನು. ಆಯಿಲ್ ಎಂಜಿನ್ನಿನ ತಳದ ಚೇಂಬರಿಗೆ ಇಳಿಯುವುದಕ್ಕೆ ಹೊತ್ತು ಕೊಡದೆ, ಕಡಿಮೆಯಾಯಿತೆಂದು ಮೇಲಿಂದ ಸುರಿದರೆ, ಹೆಚ್ಚಾದದ್ದು ಚೇಂಬರಿನ ಗಾಳಿಕಿಂಡಿಯಾದ ಬ್ರೀದರಿನಿಂದಲೋ ಟರ್ಬೊದಿಂದಲೋ ಹೊರಕ್ಕೆ ಬಂದೇ ಬರುವುದು. ಆ ಹೊಗೆಗೆ ಬೋರಿಂಗಿನವನನ್ನು ದೂರುವುದು ಯಾವ ನ್ಯಾಯ?

ಅಳಿಯ: ಅದರ ವಿಪರ್ಯಾಸವೂ ಉಂಟು. ಫ್ಯೂಯೆಲ್ ಪಂಪಿನಿಂದ ಡೀಸೆಲ್ ಚೇಂಬರಿಗೆ ಸೋರುತ್ತಿದ್ದರೆ ಕಡ್ಡಿಯ ಮೇಲೆ ಮಟ್ಟ ಸರಿಯಾಗಿಯೇ ಇರುತ್ತದೆ. ಆಯಿಲ್ ಸುಟ್ಟಷ್ಟೂ ಡೀಸೆಲ್ ತುಂಬುತ್ತ ಹೋಗುತ್ತದೆ. ಅದಕ್ಕಾಗಿಯೇ ನಾನು ನಿನ್ನೆ ಹಳೆಯದನ್ನು ಪೂರ್ತಿ ಇಳಿಸಿ, ಸಮನೆಲದ ಮೇಲೆ ನಿಲ್ಲಿಸಿ, ಅಳೆದು ತುಂಬಿಸಿದೆ. ತೆಗೆದ ಆಯಿಲ್ ತೆಳುವಾಗಿರಲಿಲ್ಲ, ಡೀಸೆಲಿನ ವಾಸನೆಯೂ ಇರಲಿಲ್ಲ. ಮೂಗು ನನಗೂ ಇದೆ, ಮಾವ.

ಮಾವ: ಇರುವುದು ಒಳ್ಳೆಯದೇ. ಇನ್ನು ಮುಂದೇನು ಮಾಡಬೇಕೆಂದು ನಿನ್ನ ಅಭಿಪ್ರಾಯ?

ಅಳಿಯ: ಬಿಚ್ಚಬೇಕು. ಈ ಎಂಜಿನ್ನಿನಲ್ಲಿ ಏನೋ ಒಂದನ್ನು ತಪ್ಪಾಗಿ ಕೂಡಿಸಿದ್ದಾರೆ. ಹೊಸ ಸಾಮಾನು ಹಾಕಿದ ಎಂಜಿನ್ನು ಆಯಿಲ್ ಸುಡುವುದಕ್ಕೆ ಸವೆತ ಕಾರಣವಾಗಲಾರದು. ಸವೆತವಲ್ಲವಾದರೆ ಜೋಡಣೆಯ ದೋಷ. ಎರಡನೆಯ ರಿಂಗು ಸಾಮಾನ್ಯವಾಗಿ ಆಯಿಲನ್ನು ಕೆಳಕ್ಕೆ ಕೆರೆಯುವಂತೆ ಓರೆಯಾಗಿ ಮಾಡಿರುವಂಥಾದ್ದು. ಗುರುತಿನ ಮುಖವನ್ನು ಮೇಲಕ್ಕಿಡದೆ ತಲೆಕೆಳಗು ಹಾಕಿದರೆ ಅದೇ ರಿಂಗು ಆಯಿಲನ್ನು ಮೇಲಕ್ಕೆ ಸಾಗಿಸುವ ಪಂಪಾಗುತ್ತದೆ. ಆಯಿಲ್ ರಿಂಗಿನೊಳಗಿನ ಸ್ಪ್ರಿಂಗಿನ ತುದಿಗಳು ಒಂದರ ಮೇಲೊಂದು ಏರಿಕೊಂಡಿದ್ದರೂ ಅಷ್ಟೇ. ರಿಂಗಿನ ಬಾಯಿಯ ಗ್ಯಾಪನ್ನು ಬೋರಿನಲ್ಲಿಟ್ಟು ಅಳೆದಿದ್ದಾರೋ ಇಲ್ಲವೋ ತಿಳಿಯದು. ಬೋರಿನ ಪ್ರತಿ ಇಂಚಿಗೆ ಒಂದು ಇಂಚಿನ ಸಾವಿರದಲ್ಲಿ ನಾಲ್ಕು ಭಾಗವೆಂದು ಹಿಡಿದರೂ ಈ 102 ಮಿಲಿಮೀಟರಿನ ಬೋರಿಗೆ 0.4 ಮಿಲಿಮೀಟರ್ ಬೇಕು. ಇವುಗಳಲ್ಲಿ ಯಾವುದೊಂದನ್ನೂ ಕಾಲ ಗುಣಪಡಿಸಲಾರದು.

ಮಾವ: ನೀನು ಒಂದು ಸಾಧ್ಯತೆಯನ್ನು ಮರೆತೆ: ಯಾರೂ ತಪ್ಪು ಮಾಡದೆ ಇರುವ ಸಾಧ್ಯತೆ. ಬೋರಿಂಗಿನಿಂದ ಬಂದ ಗೋಡೆಯ ಮೇಲೆ ಹೋನಿಂಗಿನ ಅಡ್ಡಗೆರೆಗಳಿರುತ್ತವೆ. ರಿಂಗಿನ ಮೇಲೆ ತಯಾರಿಕೆಯ ಗೆರೆಗಳಿರುತ್ತವೆ. ಎರಡೂ ಒಂದನ್ನೊಂದು ಉಜ್ಜಿ, ಏರುಗಳನ್ನು ಕಳೆದುಕೊಂಡು, ಒಂದಕ್ಕೊಂದು ಒಗ್ಗುವ ತನಕ ಯಾವ ಹೊಸ ಎಂಜಿನ್ನೂ ಸ್ವಲ್ಪ ಆಯಿಲ್ ಸುಟ್ಟೇ ಸುಡುತ್ತದೆ. ಹಿಂದಿನ ಕಾಲದಲ್ಲಿ ಹೊಸ ಗಾಡಿಗಳ ಬೆನ್ನಿಗೆ ‘ರನ್ನಿಂಗ್ ಇನ್’ ಎಂಬ ಹಲಗೆ ತೂಗುಹಾಕುತ್ತಿದ್ದರು. ಆ ಹಲಗೆಯನ್ನು ಓದಿದವರೆಲ್ಲ ಮೆಲ್ಲಗೆ ಓಡಿಸಬೇಕೆಂದು ಮಾತ್ರ ತಿಳಿದುಕೊಂಡರು. ನಮ್ಮ ಒಡೆಯರು ಮಾಡಿದ್ದೂ ಅದನ್ನೇ. ಬೋರಿಂಗ್ ಆದ ಮೇಲೆ ಲೋಡು ಹಾಕದೆ, ಖಾಲಿ ಲಾರಿಯನ್ನು ಮದುಮಗಳನ್ನು ಕರೆದೊಯ್ಯುವ ಹಾಗೆ ನಲವತ್ತರ ವೇಗದಲ್ಲಿ ನಡೆಸಿದ್ದಾರೆ. ನಿಲ್ಲಿಸಿದಲ್ಲಿ ಎಂಜಿನ್ ಆರಿಸದೆ ಗಂಟೆಗಟ್ಟಲೆ ಓಡಲು ಬಿಟ್ಟಿದ್ದಾರೆ. ಪ್ರೀತಿ ಹೆಚ್ಚಾಗಿ ಕೆಟ್ಟ ಎಂಜಿನ್ನುಗಳು ನಿರ್ಲಕ್ಷ್ಯದಿಂದ ಕೆಟ್ಟವುಗಳಿಗಿಂತ ಕಡಿಮೆಯೇನಲ್ಲ.

ಅಳಿಯ: ಮೆಲ್ಲಗೆ ಓಡಿಸಿದರೆ ರಿಂಗು ಕೂಡುವುದಿಲ್ಲವೆನ್ನುವುದು ಅನೇಕರಿಗೆ ವಿಚಿತ್ರವಾಗಿ ತೋರುತ್ತದೆ. ಆದರೆ ಅದು ನಿಜ. ಕಾರಣವನ್ನು ನಾನೇ ಹೇಳುತ್ತೇನೆ. 19ನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಉಗಿಯಂತ್ರದ ಪಿಸ್ಟನ್ನಿಗೆ ಒಂದು ಕಡೆ ಸೀಳಿದ ಲೋಹದ ಉಂಗುರ ತೊಡಿಸಿದಾಗ, ಅದು ತನ್ನ ಬಿಗುವಿನಿಂದಲೇ ಗೋಡೆಗೆ ಒತ್ತಿಕೊಳ್ಳುವುದೆಂಬುದು ಅದರ ಗುಣವಾಗಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಆ ಸ್ವಂತ ಬಿಗುವು ಅಲ್ಪ. ಉರಿದ ಅನಿಲವು ರಿಂಗಿನ ಮೇಲಿನಿಂದ ಗ್ರೂವಿನೊಳಕ್ಕೆ ನುಗ್ಗಿ, ಅದರ ಬೆನ್ನಿಗೆ ಬಂದು ನಿಂತು, ಅದನ್ನು ಗೋಡೆಗೆ ಅದುಮುತ್ತದೆ. ಪೂರ್ತಿ ಲೋಡಿನಲ್ಲಿ ಈ ಎಂಜಿನ್ನಿನೊಳಗಿನ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ನೂರರಷ್ಟನ್ನು ಮೀರುವುದು. ಖಾಲಿ ನಿಂತಾಗ ಅದರಲ್ಲಿ ಎಷ್ಟೋ ಪಾಲು ಇರುವುದಿಲ್ಲ. ಆಗ ರಿಂಗು ಗೋಡೆಯ ಆಯಿಲಿನ ಮೇಲೆ ತೇಲುತ್ತ ಹೋಗುತ್ತದೆ. ತೇಲಿದ ಆಯಿಲ್ ಮೇಲೆ ಬೆಂದು, ಹೋನಿಂಗಿನ ಗೆರೆಗಳನ್ನೇ ತುಂಬುವ ಒಂದು ಗಾಜಿನಂಥ ಲೇಪವಾಗುತ್ತದೆ.

ಮಾವ: ಭೇಷ್. ಹಾಗಿದ್ದ ಮೇಲೆ ಬಿಚ್ಚುವ ಮಾತೇಕೆ? ಹತ್ತು ಟನ್ನು ಹೇರಿ ಗುಂಡ್ಯದಿಂದ ಮೇಲಕ್ಕೆ ಶಿರಾಡಿ ಹತ್ತಿಸು. ಎರಡು ಟ್ರಿಪ್ಪಿನಲ್ಲಿ ರಿಂಗು ಕೂಡದೆ ಇದ್ದರೆ ಆಗ ಸ್ಪ್ಯಾನರ್ ಎತ್ತಿಕೋ. ಏರಿನಲ್ಲಿ ಹೊಗೆಯಿಲ್ಲವೆಂಬುದನ್ನೂ ಗಮನಿಸು. ಲೋಡು ಬಿದ್ದೊಡನೆ ರಿಂಗು ತನ್ನ ಕೆಲಸ ಮಾಡುತ್ತಿದೆಯೆಂದೇ ಅದರ ಅರ್ಥ.

ಅಳಿಯ: ಅಥವಾ ಲೋಡು ಬಿದ್ದೊಡನೆ ಟರ್ಬೊ ತನ್ನ ಕೆಲಸ ಮಾಡುತ್ತಿದೆಯೆಂದು ಅದರ ಅರ್ಥ! ಒಂದೇ ಸಾಕ್ಷಿಯನ್ನು ಇಬ್ಬರು ವಕೀಲರು ಕರೆದಂತಾಯಿತು. ಗೋಡೆಗೆ ಗಾಜು ಕಟ್ಟಿದ್ದರೆ ಲೋಡಿನಿಂದ ಅದು ಹೋಗದು. ಮತ್ತೆ ಹೋನ್ ಮಾಡಿಯೇ ತೆಗೆಯಬೇಕು. ಕಟ್ಟಿಲ್ಲದಿದ್ದರೆ ನಿಮ್ಮ ಘಟ್ಟದ ಚಿಕಿತ್ಸೆ ಫಲಿಸಬಹುದು. ಯಾವುದೆಂದು ನೋಡದೆ ತಿಳಿಯುವುದು ಹೇಗೆ?

ಮಾವ: ಸಾವಿರ ಕಿಲೋಮೀಟರಿಗೆ ಗಾಜು ಕಟ್ಟುವುದೇನೂ ಅಷ್ಟು ಸುಲಭವಲ್ಲ. ಕಟ್ಟುತ್ತಿದ್ದುದೂ ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಅಳಿಯ: ನೀವು ಕಂಡದ್ದು ಹೊಗೆ ನಿಂತದ್ದನ್ನು. ಗಾಜು ಬಿಟ್ಟದ್ದನ್ನು ಕಂಡಿರಲಾರಿರಿ. ಏಕೆಂದರೆ ಹೊಗೆ ನಿಂತ ಎಂಜಿನ್ನನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ಈ ಮಾತಿಗೆ ಮೇಸ್ತ್ರಿಗಳು ನಕ್ಕರೇ ವಿನಾ ಉತ್ತರ ಕೊಡಲಿಲ್ಲ. ಅಳಿಯನು ಕಂಪ್ರೆಷನ್ ಗೇಜಿನಿಂದ ತೆಗೆದ ಅಂಕಿಗಳನ್ನು ಬರೆದಿಟ್ಟಿದ್ದ ಕಾಗದವನ್ನು ಅವರ ಮುಂದಿಟ್ಟನು.

ಅಳಿಯ: ಆರಕ್ಕಾರೂ ಸಿಲಿಂಡರುಗಳಲ್ಲಿ ಕಂಪ್ರೆಷನ್ ಸಮವಾಗಿದೆ, ಒಳ್ಳೆಯದಾಗಿಯೂ ಇದೆ. ರಿಂಗು ಕೂಡದ ಎಂಜಿನ್ನಿನಲ್ಲಿ ಇಷ್ಟು ಬರಬಾರದು. ಆದುದರಿಂದ ದೋಷ ಟರ್ಬೊದಲ್ಲೆಂದು ನಾನು ವಾಲುತ್ತಿದ್ದೇನೆ.

ಮಾವ: ಆಗಲೇ ರಿಂಗು ತಲೆಕೆಳಗೆಂದೆ, ಈಗ ಟರ್ಬೊ ಎನ್ನುತ್ತೀಯೆ, ಇರಲಿ, ಯೋಚಿಸುವವನು ಮಾತು ಬದಲಿಸುವುದು ದೋಷವಲ್ಲ. ಆದರೆ ಈ ಕಾಗದ ಹೇಳದಿರುವುದು ಎರಡಿವೆ. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು ರಿಂಗು. ಆಯಿಲನ್ನು ಹಿಡಿಯುವುದು ಮೂರನೆಯದು. ಮೂರನೆಯದು ಮುರಿದು ಬಿದ್ದಿದ್ದರೂ ನಿನ್ನ ಗೇಜು ಶಿಫಾರಸ್ಸು ಪತ್ರ ಕೊಟ್ಟೀತು. ಇದು ಒಂದು. ಕಂಪ್ರೆಷನ್ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದು, ಅಂಕಿ ಏರಿದರೆ ರಿಂಗಿನ ದೋಷ, ಏರದಿದ್ದರೆ ವಾಲ್ವಿನ ದೋಷ ಎನ್ನುವ ಪರೀಕ್ಷೆ ನಿನಗೂ ಗೊತ್ತು. ಆಯಿಲ್ ರಿಂಗಿನ ಸಂದನ್ನು ಮುಚ್ಚುತ್ತದೆಯೆಂಬುದೇ ಅದರ ತತ್ತ್ವ. ಇಲ್ಲಿಯೋ, ಸಿಲಿಂಡರುಗಳು ಆಗಲೇ ಆಯಿಲಿನಲ್ಲಿ ಮಿಂದಿವೆ. ನೀನು ಚಮಚ ಹಿಡಿಯುವ ಮೊದಲೇ ಎಂಜಿನ್ನು ತಾನಾಗಿಯೇ ಆ ಪರೀಕ್ಷೆ ಮಾಡಿಕೊಂಡು ಒಳ್ಳೆಯ ಅಂಕ ತೆಗೆದುಕೊಂಡಿದೆ.

ಅಳಿಯ: ಒಪ್ಪಿದೆ, ಒದ್ದೆಯ ಸಿಲಿಂಡರಿನ ಅಂಕಿಗೆ ಬೆಲೆ ಕಡಿಮೆ. ಆದರೆ ಹೊಗೆ ಬರುವ ವೇಳೆಗೆ ಬೆಲೆಯಿದೆಯಷ್ಟೆ? ಬಣ್ಣಕ್ಕಿಂತ ವೇಳೆ ಹೆಚ್ಚು ಹೇಳುತ್ತದೆ. ಟರ್ಬೊವಿನ ರಚನೆಯನ್ನು ಸ್ವಲ್ಪ ಯೋಚಿಸಿ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ, ಹೊರಹೋಗುವ ಅನಿಲದ ವೃಥಾ ಶಕ್ತಿಯಿಂದ ಒಳಬರುವ ಗಾಳಿಯನ್ನು ಒತ್ತುವುದು. ಒಂದೇ ಶಾಫ್ಟಿನ ಒಂದು ತುದಿಯ ಚಕ್ರ ಹೊಗೆಯ ದಾರಿಯಲ್ಲಿ, ಇನ್ನೊಂದು ತುದಿಯದು ಗಾಳಿಯ ದಾರಿಯಲ್ಲಿ. ನಡುವೆ ಮಿನಿಟಿಗೆ ಲಕ್ಷದ ಆಸುಪಾಸಿನ ಸುತ್ತು ತಿರುಗುವ ಆ ಶಾಫ್ಟನ್ನು ತೇಲಿಸಿ ಹಿಡಿಯುವುದಕ್ಕೆ ಎಂಜಿನ್ನಿನದೇ ಆಯಿಲ್. ಎರಡು ದಾರಿಗೂ ಆಯಿಲಿಗೂ ನಡುವಣ ತಡೆ ರಬ್ಬರಿನ ಸೀಲಲ್ಲ. ಪಿಸ್ಟನ್ ರಿಂಗಿನಂಥ ಒಂದು ಸಣ್ಣ ಉಕ್ಕಿನ ಉಂಗುರ. ಆ ಉಂಗುರ ಆಯಿಲನ್ನು ಕಟ್ಟಿಹಾಕಲಾರದು. ಎರಡು ಬದಿಗಳ ಅನಿಲದ ಒತ್ತಡವೇ ಆಯಿಲನ್ನು ನಡುವಿನಲ್ಲಿ ಅದುಮಿ ಹಿಡಿದಿರುವುದು. ಲೋಡಿನಲ್ಲಿ ಆ ಒತ್ತಡ ಇರುತ್ತದೆ. ಟೋಲ್ ಗೇಟಿನಲ್ಲಿ ಸುಮ್ಮನೆ ಓಡುವಾಗ, ಘಟ್ಟದ ಇಳಿವಿನಲ್ಲಿ ಕಾಲು ತೆಗೆದಿದ್ದಾಗ ಇರುವುದಿಲ್ಲ. ನಮ್ಮ ಲಾರಿ ಹೊಗೆ ಬಿಡುವುದು ಸರಿಯಾಗಿ ಆ ಎರಡು ವೇಳೆಗಳಲ್ಲಿ.

ಮಾವ: ಹಾಗೆಂದು ಕೋರನ್ನು ಮತ್ತೆ ಬದಲಾಯಿಸುವೆಯಾ? ಶಾಫ್ಟನ್ನು ನಾನು ಬೆರಳಿನಲ್ಲಿ ಆಡಿಸಿ ನೋಡಿದೆ. ಅಡ್ಡಕ್ಕೆ ಸ್ವಲ್ಪ ಆಡುತ್ತದೆ. ತೇಲುವ ಬೇರಿಂಗಿನಲ್ಲಿ ಅದು ಸಹಜ. ಉದ್ದಕ್ಕೆ, ಹಿಂದೆಮುಂದೆ ಆಡಬಾರದು, ಆಡುವುದಿಲ್ಲ. ಚಕ್ರ ಗೂಡಿಗೆ ಎಲ್ಲಿಯೂ ತಾಗಿಲ್ಲ.

ಅಳಿಯ: ಕೋರು ಚೆನ್ನಾಗಿದ್ದರೂ ಅದು ಸೋರಬಹುದು. ಆಯಿಲ್ ಟರ್ಬೊವಿಗೆ ಒತ್ತಡದಿಂದ ಬರುತ್ತದೆ. ಹೊರಕ್ಕೆ ಹೋಗುವಾಗ ನೊರೆನೊರೆಯಾಗಿ, ಒತ್ತಡವಿಲ್ಲದೆ, ಕೇವಲ ತನ್ನ ಭಾರದಿಂದ ಇಳಿದುಹೋಗಬೇಕು. ಅದಕ್ಕೇ ಬರುವ ಪೈಪು ಸಣ್ಣ, ಹೋಗುವ ಪೈಪು ದಪ್ಪ. ಆ ಡ್ರೇನ್ ಪೈಪು ನೆಟ್ಟಗೆ ಕೆಳಕ್ಕಿಳಿಯಬೇಕು. ಓರೆಯಾದರೂ ಲಂಬದಿಂದ ಮೂವತ್ತು ಮೂವತ್ತೈದು ಡಿಗ್ರಿಗೆ ಮೀರಬಾರದು. ನಡುವೆ ಜೋಲು ಬಿದ್ದು ಕೊಳವಾಗಬಾರದು. ಚೇಂಬರಿನಲ್ಲಿ ಆಯಿಲಿನ ಮಟ್ಟಕ್ಕಿಂತ ಮೇಲೆ ಸೇರಬೇಕು. ಕೂಡಿಸಿದ ಹುಡುಗ ಗ್ಯಾಸ್ಕೆಟಿಗೆ ಧಾರಾಳವಾಗಿ ಸಿಲಿಕೋನ್ ಪೇಸ್ಟ್ ಹಚ್ಚಿದ್ದು, ಬಿಗಿಮಾಡಿದಾಗ ಅದು ಒಳಕ್ಕೆ ಉಬ್ಬಿ ದಾರಿಯನ್ನು ಅರ್ಧ ಮುಚ್ಚಿದ್ದರೆ, ಹೊಸ ಕೋರು ಮೊದಲನೆಯ ದಿನವೇ ಸೋರುವುದು. ಏರ್ ಫಿಲ್ಟರ್ ಕಟ್ಟಿಕೊಂಡಿದ್ದು ಒಳಬದಿಯಲ್ಲಿ ಸೆಳೆತ ಹೆಚ್ಚಿದರೂ ಹಾಗೆಯೇ.

ಮಾವ: ಫಿಲ್ಟರ್ ಹೊಸದು, ನಾನೇ ಹಾಕಿದ್ದು. ಪೈಪಿನ ಮಾತು ಒಪ್ಪತಕ್ಕದ್ದು, ನೋಡೋಣ. ಆದರೆ ಪೈಪು ತೆರವಾಗಿಯೇ ಇದ್ದು, ಇಳಿದ ಆಯಿಲಿಗೆ ಕೆಳಗೆ ಜಾಗವಿಲ್ಲದಿದ್ದರೆ? ರಿಂಗು ಕೂಡದ ಎಂಜಿನ್ನಿನಲ್ಲಿ ಉರಿದ ಅನಿಲ ಪಿಸ್ಟನ್ನಿನ ಬದಿಯಿಂದ ಚೇಂಬರಿಗೆ ಇಳಿಯುತ್ತದೆ. ಬ್ರೀದರಿನ ಬಾಯಲ್ಲಿ ಫಸಫಸನೆ ಬರುವುದನ್ನು ನೀನೂ ನೋಡಿದೆ. ಚೇಂಬರಿನಲ್ಲಿ ಒತ್ತಡ ಕಟ್ಟಿದರೆ, ತನ್ನ ಭಾರವೊಂದರಿಂದಲೇ ಇಳಿಯಬೇಕಾದ ನಿನ್ನ ನೊರೆ ಅದನ್ನು ಎದುರಿಸಿ ಇಳಿಯಲಾರದು. ಮೇಲೆಯೇ ನಿಂತು, ಉಕ್ಕಿ, ಉಂಗುರದ ಆಚೆಗೆ ದಾಟುತ್ತದೆ. ಸೋರಿದ್ದು ಟರ್ಬೊ, ಸೋರಿಸಿದ್ದು ರಿಂಗು. ಇಂಥ ಎಂಜಿನ್ನಿಗೆ ಮೂರು ಟರ್ಬೊ ಹಾಕಿಸಿದ ಪುಣ್ಯಾತ್ಮರನ್ನು ನಾನು ಬಲ್ಲೆ.

ಅಳಿಯ: ಇದು ಬಲವಾದ ಮಾತೇ. ಆದರೆ ತಿರುಗಿಸಿ ನೋಡಿ, ಮಾವ. ಟರ್ಬೊವಿನ ಹೊಗೆಯ ಬದಿಯ ಉಂಗುರ ಸರಿಯಾಗಿ ಕೂಡದಿದ್ದರೆ, ಲೋಡಿನಲ್ಲಿ ಅಲ್ಲಿಯ ಬಿಸಿ ಅನಿಲ ಬೇರಿಂಗಿನ ಗೂಡಿಗೆ ನುಗ್ಗಿ, ಅದೇ ಡ್ರೇನ್ ಪೈಪಿನಿಂದ ಕೆಳಕ್ಕಿಳಿದು ಚೇಂಬರಿಗೆ ಬರುತ್ತದೆ. ಬ್ರೀದರಿನಲ್ಲಿ ಫಸಫಸ ಎನ್ನುತ್ತದೆ. ನೀವು ರಿಂಗಿನದೆಂದು ತಿಳಿದ ಅನಿಲ ಟರ್ಬೊವಿನದೇ ಆಗಿರಬಹುದು. ಏರ್ ಬ್ರೇಕಿನ ಕಂಪ್ರೆಸರಿನ ರಿಂಗು ಸವೆದಿದ್ದರೆ ಅದರ ಗಾಳಿಯೂ ಅಲ್ಲಿಗೇ ಬರುವುದು.

ಮಾವ: ಸರಿ, ಅಲ್ಲಿಗೆ ಬ್ರೀದರೂ ಸಾಕ್ಷಿಕಟ್ಟೆಯಿಂದ ಇಳಿಯಿತು.

ಅಳಿಯ: ಇಳಿಯಬೇಕಾಗಿಲ್ಲ, ಒಬ್ಬೊಬ್ಬರನ್ನೇ ಬೇರ್ಪಡಿಸಿ ಕೇಳಬೇಕು. ಡ್ರೇನ್ ಪೈಪನ್ನು ಚೇಂಬರಿನಿಂದ ಬಿಡಿಸಿ ಒಂದು ಡಬ್ಬಕ್ಕೆ ಇಳಿಬಿಟ್ಟು, ಚೇಂಬರಿನ ಆ ಬಾಯನ್ನು ಮುಚ್ಚಿ, ಆಯಿಲಿನ ಮಟ್ಟದ ಮೇಲೆ ಕಣ್ಣಿಟ್ಟು ಕೊಂಚ ಹೊತ್ತು ಓಡಿಸಿದರೆ, ಬ್ರೀದರಿನಲ್ಲಿ ಉಳಿಯುವ ಅನಿಲದಲ್ಲಿ ಟರ್ಬೊವಿನ ಪಾಲು ಇರುವುದಿಲ್ಲ. ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ಬಾಗಿಸಿ ಬ್ರೀದರಿಗೆ ಕಟ್ಟಿದರೆ, ಎರಡು ಸಲದ ಒತ್ತಡಕ್ಕೂ ಇರುವ ಅಂತರವನ್ನು ಇಂಚಿನಲ್ಲಿಯೇ ಓದಬಹುದು. ಬಂದ ನೊರೆ ನಿಂತು ಹೊರಬೀಳುತ್ತಿದೆಯೋ, ಸರಾಗವಾಗಿ ಸುರಿಯುತ್ತಿದೆಯೋ ಎಂಬುದೂ ಅದೇ ಡಬ್ಬದಲ್ಲಿ ಕಾಣುವುದು.

ಮಾವ: ಇದು ನನಗೆ ಹಿಡಿಸಿತು, ಖರ್ಚಿಲ್ಲದ ಪರೀಕ್ಷೆ. ವಾಲ್ವ್ ಗೈಡಿನ ಮಾತನ್ನು ನೀನು ಎತ್ತಲೇ ಇಲ್ಲವಲ್ಲ. ಇಳಿವಿನಲ್ಲಿ ಬಂದು ತುಳಿದಾಗ ಹೊಗೆಯೆದ್ದರೆ ಗೈಡೆಂದು ಪೆಟ್ರೋಲ್ ಗಾಡಿಯ ಮೇಸ್ತ್ರಿಗಳೆಲ್ಲ ಕಣ್ಣುಮುಚ್ಚಿ ಹೇಳುತ್ತಾರೆ.

ಅಳಿಯ: ಪೆಟ್ರೋಲ್ ಗಾಡಿಯಲ್ಲಿ ಕಾಲು ತೆಗೆದೊಡನೆ ಗಾಳಿಯ ದಾರಿ ಮುಚ್ಚಿ ಒಳಗೆ ಬಲವಾದ ಸೆಳೆತವುಂಟಾಗುತ್ತದೆ, ಗೈಡಿನಿಂದ ಆಯಿಲ್ ಇಳಿಯುವುದು ಅದಕ್ಕೆ. ಈ ಎಂಜಿನ್ನಿನಲ್ಲಿ ಗಾಳಿಗೆ ಮುಚ್ಚಳವೇ ಇಲ್ಲ. ಗೈಡು ಕಡೆಯ ಸಂಶಯವಾಗಲಿ.

ಮಾವ: ಆಗಲಿ. ನಾನು ಮೊದಲನೆಯದೆನ್ನುವ ಸಂಶಯವನ್ನು ಈಗ ಹೇಳುತ್ತೇನೆ, ಕೇಳು. ಹಳೆಯ ಟರ್ಬೊ ಸತ್ತಾಗ ಅದು ಚೆಲ್ಲಿದ ಆಯಿಲ್ ಎಲ್ಲಿ ಹೋಯಿತು? ಅರ್ಧ ಸೈಲೆನ್ಸರಿನೊಳಕ್ಕೆ, ಅರ್ಧ ಇಂಟರ್‌ಕೂಲರಿನೊಳಕ್ಕೆ. ಎಂಜಿನ್ನನ್ನು ಬೋಲ್ಟು ಬೋಲ್ಟಾಗಿ ಬಿಚ್ಚಿ ತೊಳೆದವರು ರೇಡಿಯೇಟರಿನ ಮುಂದೆ ಕುಳಿತಿರುವ ಆ ಇಂಟರ್‌ಕೂಲರಿನ ಹೊರಮೈಯನ್ನು ಮಾತ್ರ ತೊಳೆದಿದ್ದಾರೆ. ಅದರ ಕೆಳಗಿನ ಹೋಸ್ ಪೈಪನ್ನು ನಾನು ಬೆಳಿಗ್ಗೆ ಸಡಿಲಿಸಿದರೆ ಕಪ್ಪು ಆಯಿಲ್ ಸುರಿಯಿತು. ನಿಂತಾಗ ತಳದಲ್ಲಿ ಸೇರುತ್ತದೆ. ಹೊರಟು ಗಾಳಿಯ ರಭಸ ಹೆಚ್ಚಿದಾಗ ಅಷ್ಟಷ್ಟೇ ಎತ್ತಿಕೊಂಡು ಹೋಗುತ್ತದೆ. ನಿನ್ನ ವೇಳೆಯ ಪ್ರಮಾಣಕ್ಕೆ ಇದೂ ಹೊಂದುವುದಷ್ಟೆ? ಈ ಎಂಜಿನ್ನು ಸುಡುತ್ತಿರುವುದು ಇಂದಿನ ಆಯಿಲೆಂದು ಯಾರು ಹೇಳಿದರು?

ಅಳಿಯ: ಕಡ್ಡಿ ಹೇಳುತ್ತದೆ. ಹಳೆಯ ಆಯಿಲ್ ಮಾತ್ರ ಸುಡುತ್ತಿದ್ದರೆ ಚೇಂಬರಿನದು ಕಡಿಮೆಯಾಗುವುದೇಕೆ?

ಮಾವ: ಆ ಕಡ್ಡಿಯನ್ನು ಎಳೆದವನಾರೆಂದು ಆಗಲೇ ಹೇಳಿದೆನಲ್ಲ.

ಅಳಿಯ: ಇಂಟರ್‌ಕೂಲರಿನೊಳಗಿನದು ಹೊಸ ಟರ್ಬೊ ಸೋರಿದ್ದೂ ಆಗಿರಬಹುದು. ಆದರೆ ಅದನ್ನು ತೊಳೆಯದೆ ಬೇರೆ ಯಾವ ಪರೀಕ್ಷೆಗೂ ಅರ್ಥವಿಲ್ಲವೆಂಬುದನ್ನು ಒಪ್ಪುತ್ತೇನೆ. ನೋಡಿ, ನಾನು ಮಾಡಬೇಕೆಂದಿದ್ದುದು ಇಷ್ಟು: ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಇಳಿಸಿ ಆರು ಬಾಯಿಗಳನ್ನೂ ನೋಡುವುದು. ಒಂದೇ ಒಂದು ಒದ್ದೆಯಾಗಿದ್ದರೆ ಆ ಸಿಲಿಂಡರಿನದೇ ದೋಷ. ಆರೂ ಒಣಗಿದ್ದು ಟರ್ಬೊವಿನ ಹೊಗೆಯ ಬದಿ ಮಾತ್ರ ಒದ್ದೆಯಾಗಿದ್ದರೆ ಎಂಜಿನ್ನು ನಿರಪರಾಧಿ. ಆದರೆ ಆರೂ ಸಮವಾಗಿ ಒದ್ದೆಯಾಗಿದ್ದರೆ, ಆರು ಬೋರುಗಳೂ ಕೂಡಿಲ್ಲವೋ, ಆರಕ್ಕೂ ಸಾಮಾನ್ಯವಾದ ಗಾಳಿಯ ದಾರಿಯಿಂದ ಆಯಿಲ್ ಬರುತ್ತಿದೆಯೋ ಹೇಳಲಾಗದು. ಇಂಟರ್‌ಕೂಲರ್ ಸ್ವಚ್ಛವಾಗಿದ್ದರೆ ಮಾತ್ರ ಆ ಎರಡನ್ನು ಬಿಡಿಸಬಹುದು.

ಮಾವ: ಇಂದು ರಾತ್ರಿಯೇ ಇಳಿಸಿ ಸೀಮೆಎಣ್ಣೆಯಲ್ಲಿ ನಾಲ್ಕು ಸಲ ಕುಲುಕಿ, ತಲೆಕೆಳಗು ನಿಲ್ಲಿಸಿ, ಗಾಳಿ ಹೊಡೆದು ಒಣಗಿಸಿಬಿಡು. ಸೀಮೆಎಣ್ಣೆಯ ಹಸಿಯಿರುವಾಗ ಸ್ಟಾರ್ಟ್ ಮಾಡಬೇಡ. ಗಾಳಿಯ ಜೊತೆಯಲ್ಲಿ ಹೋಗುವ ಯಾವ ಎಣ್ಣೆಯೂ ಡೀಸೆಲ್ ಎಂಜಿನ್ನಿಗೆ ಇಂಧನವೇ. ಹಾಗೆ ತನ್ನ ಆಯಿಲನ್ನೇ ಕುಡಿದು ಓಡತೊಡಗಿದ ಎಂಜಿನ್ನು ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲ, ಡೀಸೆಲ್ ಪೈಪು ಮುಚ್ಚಿದರೂ ನಿಲ್ಲುವುದಿಲ್ಲ. ತುಂಡಾಗುವ ತನಕ ವೇಗ ಏರುತ್ತಲೇ ಹೋಗುತ್ತದೆ. ಗಾಳಿಯ ಬಾಯಿಗೆ ದಪ್ಪ ಹಲಗೆಯೊಂದನ್ನು ಅಡ್ಡ ಹಿಡಿದರೆ ಮಾತ್ರ ನಿಲ್ಲುವುದು. ಕೈಯನ್ನಲ್ಲ, ಬಟ್ಟೆಯನ್ನೂ ಅಲ್ಲ. ಹಲಗೆಯನ್ನು ಹುಡುಕಿ ಇಟ್ಟುಕೊಂಡೇ ಕೀಲಿ ಮುಟ್ಟು.

ಅಳಿಯ: 

ಈ ಕಾರಣದಿಂದಲೇ ಲಾರಿಯನ್ನು ಪರೀಕ್ಷಿಸದೆ ಘಟ್ಟಕ್ಕೆ ಕಳುಹಿಸಕೂಡದೆನ್ನುತ್ತೇನೆ. ಟರ್ಬೊ ಸೋರುತ್ತಿದ್ದು, ಹತ್ತು ಟನ್ನಿನ ಲೋಡಿನೊಡನೆ ಶಿರಾಡಿಯ ತಿರುವಿನಲ್ಲಿ ಎಂಜಿನ್ನು ಹಿಡಿತ ತಪ್ಪಿದರೆ ಡ್ರೈವರು ಹಲಗೆ ಹುಡುಕುವುದೆಲ್ಲಿ?

ಮಾವ: ನೀನು ಹೇಳುವುದು ಸರಿ. ಹಾಗಿದ್ದರೆ ಇಂಟರ್‌ಕೂಲರು, ಡ್ರೇನ್ ಪೈಪು, ಡಬ್ಬದ ಪರೀಕ್ಷೆ, ಇವು ಮೂರೂ ಘಟ್ಟಕ್ಕೆ ಮುಂಚೆ. ಅವು ಸರಿಯಾಗಿ ಬಂದರೆ ಲೋಡಿಗೆ ಕಳುಹಿಸು; ಒಡೆಯರು ಪ್ರೀತಿಯಿಂದ ತುಂಬಿಸಿದ ಆ ದುಬಾರಿ ಸಿಂಥೆಟಿಕ್ ಆಯಿಲನ್ನೂ ನೀನು ಬದಲಾಯಿಸಿದ್ದೊಳ್ಳೆಯದಾಯಿತು, ರಿಂಗು ಕೂಡುವ ತನಕ ಸಾಮಾನ್ಯ ಆಯಿಲೇ ಲೇಸು.

ಅಳಿಯ: ಅವು ಸರಿಯಾಗಿ ಬಂದರೆ ನಾನು ಮ್ಯಾನಿಫೋಲ್ಡ್ ಇಳಿಸಬೇಕೆನ್ನುತ್ತೇನೆ. ಎರಡು ಗಂಟೆಯ ಕೆಲಸ. ನೋಡಬಹುದಾದ್ದನ್ನು ನೋಡದೆ ಘಟ್ಟದಿಂದ ಉತ್ತರ ತರಿಸುವುದೇಕೆ?

ಮಾವ: ಎರಡು ಗಂಟೆಯೆಂದು ನೀನು ಹೇಳುವುದು ಸ್ಟಡ್ಡು ಮುರಿಯದಿದ್ದರೆ. ಬೆಂದ ಸ್ಟಡ್ಡೊಂದು ಹೆಡ್ಡಿನೊಳಗೆ ಮುರಿದು ನಿಂತರೆ ಎರಡು ದಿನ. ಅದರ ಖರ್ಚು ಬೋರಿಂಗಿನವನದೋ, ಟರ್ಬೊ ಕೊಟ್ಟವನದೋ, ನಮ್ಮದೋ? ಟರ್ಬೊದವನು ಎಂಜಿನ್ನಿನ ಕಡೆ ಕೈ ತೋರಿಸುತ್ತಾನೆ, ಬೋರಿಂಗಿನವನು ಟರ್ಬೊವಿನ ಕಡೆ. ಬಿಚ್ಚಿದವನ ಕೈಯಲ್ಲಿ ಮಾತ್ರ ಸ್ಪ್ಯಾನರ್ ಇರುತ್ತದೆ. ಲಾರಿ ನಿಂತ ದಿನಕ್ಕೂ ಕಂತು ಕಟ್ಟುವವರು ಒಡೆಯರು. ಇದನ್ನು ನಿನ್ನ ಗೇಜು ಅಳೆಯುವುದಿಲ್ಲ.

ಅಳಿಯ: ಲೋಡಿಗೆ ಕಳುಹಿಸಿ, ತಲೆಕೆಳಗಾದ ರಿಂಗಿನಿಂದ ಇನ್ನೂ ಎರಡು ಸಾವಿರ ಕಿಲೋಮೀಟರ್ ಆಯಿಲ್ ಸುಟ್ಟು, ಪಿಸ್ಟನ್ನಿನ ಗ್ರೂವಿನಲ್ಲಿ ಕಾರ್ಬನ್ ಕಟ್ಟಿ ರಿಂಗು ಸಿಕ್ಕಿಕೊಂಡರೆ ಅದಕ್ಕೂ ಅವರೇ ಕಟ್ಟುವವರು. ಅದನ್ನು ನಿಮ್ಮ ಅನುಭವ ಅಳೆಯುವುದಿಲ್ಲ.

ಇಷ್ಟು ಹೊತ್ತಿಗೆ ಒಡೆಯರ ಫೋನ್ ಬಂದಿತು. ಲಾರಿ ಯಾವಾಗ ಸಿಕ್ಕುವುದೆಂಬ ಅವರ ಪ್ರಶ್ನೆ ಮೇಜಿನಾಚೆಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು; ಅಳಿಯನು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಮಾವನ ಕಡೆ ನೋಡಿದನು.

ಅಳಿಯ: ಏನೆಂದು ಹೇಳಲಿ? ನಾಳೆ ಲೋಡಿಗೆ ಎನ್ನಲೇ, ಬಿಚ್ಚುವುದಿದೆ ಎನ್ನಲೇ?

ಮಾವ: ನಾಳೆ ಮಧ್ಯಾಹ್ನ ಹೇಳುತ್ತೇವೆನ್ನು. ಆಮೇಲೆ ಪೇಟೆಗೆ ಹೋಗಿ ಡ್ರೇನ್ ಪೈಪಿಗೆ ಎರಡು ಹೊಸ ಗ್ಯಾಸ್ಕೆಟ್ ತೆಗೆದುಕೊಂಡು ಬಾ, ಪೇಸ್ಟ್ ಬೇಡ. ಮ್ಯಾನಿಫೋಲ್ಡಿನದೂ ಒಂದು ಸೆಟ್ಟು ಇರಲಿ, ಬಿಲ್ಲಿನಲ್ಲಿ ಬೇರೆಯಾಗಿ ಬರೆಸು.